ಒಂದು ಬಸ್ಸು, ಮೂರು ಅಪಘಾತ

ಟಿ.ವಿ. ಬಿಟ್ಟು ಕಂಪ್ಯೂಟರ್ ಕಂಪನಿ ಸೇರಿದ ಮೇಲೆ ಅರಸೀಕೆರೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಕೆಲಸ ಏನು ಎಂದು ಹೇಳುವುದು. ಮೊದಲು ಈ ತೊಂದರೆ ಇರಲಿಲ್ಲ. ಕೈಯಲ್ಲಿ ಮೈಕು, ಪಕ್ಕದಲ್ಲಿ ಕ್ಯಾಮೆರಾ ಹೊತ್ತವನು. ಯಾರೂ ಏನೂ ಕೇಳುತ್ತಿರಲಿಲ್ಲ. ಮುಖ ಒರೆಸಿಕೊಂಡು, ಷರ್ಟಿನ ಗುಂಡಿ ಹಾಕಿಕೊಂಡು ನಿಲ್ಲುತ್ತಿದ್ದರು. ಈಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕೊಬ್ಬರಿ ಮಂಡಿಯ ಸಾಹುಕಾರರು ನನ್ನನ್ನು ನಿಲ್ಲಿಸಿ ಕೇಳಿದರು:

"ಈಗ ಯಾವ ಚಾನಲ್ಲಮ್ಮ?"

"ಚಾನಲ್ ಬಿಟ್ಟೆ. ಈಗೊಂದು ಕಂಪನಿ. ಎಲ್ಲ ಪತ್ರಿಕೆಗಳ ಸುದ್ದೀನೂ ಇಂಟರ್‌ನೆಟ್ಟಲ್ಲಿ ಒಂದೇ ಕಡೆ ತೋರಿಸ್ತೀವಿ."

"ಸುದ್ದಿ ನೀವು ಬರೀತೀರಾ?"

"ಇಲ್ಲ. ಪತ್ರಿಕೆಯೋರು ಬರೀತಾರೆ."

"ಓದೋರು?"

"ಜನ ಓದ್ತಾರೆ."

"ಅಲ್ಲಿಗೆ ನೀವು ದಲ್ಲಾಳಿ ಅನ್ನಿ." ಅವರು ಖುಷಿಯಿಂದಲೇ ಹೇಳಿದರು, ತಮ್ಮ ಜಾತಿಗೆ ಹೊಸಬರೊಬ್ಬರು ಸೇರಿದರು ಎನ್ನುವ ಹಾಗೆ. ನನಗೆ ಮಾತ್ರ ಅದು ಇಡೀ ದಿನ ಚುಚ್ಚಿತು. ಟಿ.ವಿ.ಯಲ್ಲಿದ್ದಾಗ ಕೊನೆಯ ಎರಡು ವರ್ಷ ಸ್ಟುಡಿಯೋದವರು ಫೋನಿನಲ್ಲಿ "ಅಳೋರು ಯಾರಾದ್ರೂ ಸಿಗ್ತಾರಾ ನೋಡಿ" ಎನ್ನುತ್ತಿದ್ದರು. ಅದರಿಂದ ಬೇಸತ್ತು ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಪೂರ್ತಿ ಅದೇ ಕಾರಣವೋ, ಅಥವಾ ಗಾಜಿನ ಕಟ್ಟಡದ ಆಫೀಸು, ದೊಡ್ಡ ಹುದ್ದೆಯ ಆಸೆಯೂ ಇತ್ತೋ, ಈಗ ಖಚಿತವಾಗಿ ಹೇಳಲಾರೆ. ಆಗಿನ ದಿನಚರಿಯಲ್ಲಿ ಬೇಸರದ ಬಗ್ಗೆ ಪುಟಗಟ್ಟಲೆ ಇದೆ, ಆಸೆಯ ಬಗ್ಗೆ ಒಂದಕ್ಷರವೂ ಇಲ್ಲ. ಅದಕ್ಕೇ ನನಗೆ ಅನುಮಾನ.

ನನ್ನ ಹುದ್ದೆ ಸುದ್ದಿ ಪಾಲುದಾರಿಕೆಯ ಮುಖ್ಯಸ್ಥೆಯದು. ಕನ್ನಡದ ಪತ್ರಿಕೆಗಳನ್ನು ಒಪ್ಪಿಸಿ, ಅವುಗಳ ಸುದ್ದಿ ದಿನಾ ನಮ್ಮ ಪುಟಕ್ಕೆ ಬರುವ ಹಾಗೆ ಮಾಡಬೇಕು. ಬಂದ ಸುದ್ದಿಯನ್ನು ಜೋಡಿಸುವುದು, ಯಾವುದು ಮೇಲೆ ಯಾವುದು ಕೆಳಗೆ ಎಂದು ತೀರ್ಮಾನಿಸುವುದು ಎಲ್ಲ ಕಂಪ್ಯೂಟರೇ. ಬೆಂಗಳೂರಿನ ದೊಡ್ಡ ಪತ್ರಿಕೆಗಳು ಬೇಗ ಒಪ್ಪಿದವು. ಆಮೇಲೆ ನನ್ನ ಮೇಲಧಿಕಾರಿ ಪ್ರತಿ ಮೀಟಿಂಗಿನಲ್ಲೂ "ಲೋಕಲ್ ಬೇಕು, ಲೋಕಲ್" ಎನ್ನತೊಡಗಿದರು. ಲೋಕಲ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಜಾಗ. ರೈಲು ಹತ್ತಿ ಅರಸೀಕೆರೆಗೆ ಬಂದೆ.

ಅಲ್ಲಿ ಮಂಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು. ಬೆಳಗ್ಗೆಯೆಲ್ಲ ಲಗ್ನಪತ್ರಿಕೆ, ಮಂಡಿಗಳ ರಸೀತಿ ಪುಸ್ತಕ, ಮಠದ ಕರಪತ್ರ. ಸಂಜೆಯಾದರೆ ನಾಲ್ಕು ಪುಟದ ದಿನಪತ್ರಿಕೆ. ಅದನ್ನು ನಡೆಸುವವರೇ ಸಂಪಾದಕರು, ಮುದ್ರಕರು, ಪ್ರಕಾಶಕರು. ಊರಿನವರು ಅವರನ್ನು ಪೇಪರ್ ಯಜಮಾನರು ಎನ್ನುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮೈಸೂರಿನಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೇರುವ ಮೊದಲು, ರಜೆಯಲ್ಲಿ ನಾನು ಅವರ ಮೇಜಿನ ಎದುರು ಕೂತು ಸುದ್ದಿ ಬರೆಯುವುದನ್ನು ಕಲಿತಿದ್ದೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಸುದ್ದಿಯ ಬಗ್ಗೆ.

"ದುಡ್ಡು ಎಷ್ಟು ಕೊಡ್ತಾರಮ್ಮ ನಿಮ್ಮ ಕಂಪನಿಯೋರು?" ಎಂದು ಯಜಮಾನರು ಕೇಳಿದರು.

"ದುಡ್ಡು ಇಲ್ಲ ಸರ್. ಹೆಸರು ಬರುತ್ತೆ. ನಿಮ್ಮ ಸುದ್ದಿ ಕೆಳಗೆ ನಿಮ್ಮ ಪೇಪರಿನ ಹೆಸರು. ಮುಂಬೈಲಿರೋ ನಮ್ಮೂರ ಕೊಬ್ಬರಿ ವ್ಯಾಪಾರಸ್ಥರು ಅಲ್ಲಿಂದಾನೇ ನೋಡಬಹುದು."

ಅವರು ಕನ್ನಡಕ ತೆಗೆದು ಒರೆಸಿದರು. "ಹೆಸರು ಬತ್ತದಲ್ಲ? ಸರಿ ಹಾಗಾದ್ರೆ. ನಮ್ಮ ಪೇಪರ್ ಜಾವಗಲ್ ದಾಟಿದ್ರೆ ದೊಡ್ಡದು. ಮುಂಬೈ ಅಂತೀಯ."

ಹೀಗೆ ನನ್ನ ನೆನಪು. ದಿನಚರಿಯಲ್ಲಿ ಆ ದಿನಕ್ಕೆ ಇರುವುದು "ಯಜಮಾನರು ಒಪ್ಪಿದರು, ಸಂತೋಷ" ಎಂದಷ್ಟೇ. ಮುಂದಿನ ಇಡೀ ಜಗಳ ನಿಂತದ್ದು ಹೆಸರು ಬರುತ್ತದೆ ಎಂಬ ಆ ಒಂದು ಮಾತಿನ ಮೇಲೆ. ಅದನ್ನೇ ನಾನು ಬರೆದಿಟ್ಟಿಲ್ಲ. ಆದರೆ ಅವರು ಅದನ್ನು ಎಷ್ಟು ಸಲ ನನಗೆ ತಿರುಗಿಸಿ ಹೇಳಿದರೆಂದರೆ, ಹೇಳಿದ್ದೆ ಎಂದು ನಂಬಲೇಬೇಕು.

ಇಲ್ಲಿ ಬೇಲೂರಿನ ಒಂದು ಪದ್ಧತಿ ಹೇಳಬೇಕು. ಅದನ್ನು ಹೇಳದೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಎಂಜಿನಿಯರುಗಳಿಗೆ ಹೇಳಿದರೂ ಅರ್ಥವಾಗಲಿಲ್ಲ, ಅದು ಬೇರೆ ವಿಷಯ.

ತಾಲ್ಲೂಕು ಮಟ್ಟದ ವರದಿಗಾರ ಎಂದರೆ ಸಂಬಳದವನಲ್ಲ. ಒಬ್ಬರಿಗೆ ಜೆರಾಕ್ಸ್ ಅಂಗಡಿ, ಒಬ್ಬರಿಗೆ ಗೊಬ್ಬರದ ಅಂಗಡಿ, ಒಬ್ಬರು ಎಲ್.ಐ.ಸಿ. ಏಜೆಂಟರು. ದಿನವಿಡೀ ಸುದ್ದಿಯ ಹಿಂದೆ ಓಡಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಹಂಚಿಕೊಳ್ಳುತ್ತಾರೆ. ಒಬ್ಬರು ತಾಲ್ಲೂಕು ಕಚೇರಿಗೆ, ಒಬ್ಬರು ಪೊಲೀಸ್ ಠಾಣೆ, ಆಸ್ಪತ್ರೆಗೆ, ಒಬ್ಬರು ಹಳೇಬೀಡಿನ ಕಡೆಗೆ. ಮಧ್ಯಾಹ್ನದ ಮೇಲೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎಲ್ಲರೂ ಸೇರಿ, ಯಾರು ನೋಡಿದ್ದರೋ ಅವರು ಆ ಸುದ್ದಿ ಬರೆಯುತ್ತಾರೆ, ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ತೊಂಬತ್ತರ ದಶಕದಲ್ಲಿ ಕಾಗದಗಳ ನಡುವೆ ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯುತ್ತಿದ್ದರು. ಆಮೇಲೆ ಜೆರಾಕ್ಸ್ ಬಂತು, ಫ್ಯಾಕ್ಸ್ ಬಂತು, ಈ-ಮೇಲ್ ಬಂತು. ಹೆಸರು ಮಾತ್ರ ಕಾರ್ಬನ್ ಎಂದೇ ಉಳಿಯಿತು. "ಇವತ್ತಿನ ಕಾರ್ಬನ್ ಯಾರ್ದ್ಲಾ?" ಎಂದರೆ ಇವತ್ತು ಬರೆದವರು ಯಾರು ಎಂದು ಅರ್ಥ.

ಅವರಲ್ಲಿ ಚೆನ್ನಾಗಿ ಬರೆಯುತ್ತಿದ್ದವರು ಜೆರಾಕ್ಸ್ ಅಂಗಡಿಯವರು. ನಮ್ಮ ಯಜಮಾನರ ಪತ್ರಿಕೆಗೆ ಅವರೇ ಬೇಲೂರು ವರದಿಗಾರರು. ಹೀಗಾಗಿ ಅವರು ಬರೆದದ್ದು ಅದೇ ದಿನ ಅರಸೀಕೆರೆಗೂ ಹೋಗುತ್ತಿತ್ತು, ಉಳಿದಿಬ್ಬರ ಕೈಯಿಂದ ಬೆಂಗಳೂರಿನ ದೊಡ್ಡ ಪತ್ರಿಕೆಗಳಿಗೂ ಹೋಗುತ್ತಿತ್ತು. ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ಒಂದೇ. ಇದರಲ್ಲಿ ಮುಚ್ಚುಮರೆಯಿಲ್ಲ. ನಾನು ಟಿ.ವಿ.ಗೆ ಟೇಪು ಕಳಿಸುತ್ತಿದ್ದಾಗಲೂ ಟೇಪಿನ ಜೊತೆ ಅದೇ ಕಾರ್ಬನ್ ಸುತ್ತಿ, ರೈಲಿನಲ್ಲಿ ಬೆಂಗಳೂರಿಗೆ ಹೊರಟ ಪರಿಚಯದವರ ಕೈಗೆ ಕೊಡುತ್ತಿದ್ದೆ. ಬದಲಿಗೆ ನಾನು ಹೋಗಿ ನೋಡಿ ಬಂದದ್ದನ್ನು ಅವರಿಗೆ ಕೊಡುತ್ತಿದ್ದೆ. ಒಂದು ತಂಬಿಗೆ ನೀರನ್ನು ನಾಲ್ಕು ಲೋಟಕ್ಕೆ ಬಗ್ಗಿಸಿದ ಹಾಗೆ. ಯಾವ ಲೋಟದ ನೀರು ಅಸಲಿ ಎಂದು ಯಾರೂ ಕೇಳಿರಲಿಲ್ಲ.

ನಮ್ಮ ಕಂಪ್ಯೂಟರ್ ಕೇಳಿತು.

ಒಂದೇ ಥರದ ಸುದ್ದಿಗಳು ಬಂದರೆ ಅವನ್ನೆಲ್ಲ ಒಂದು ಗುಂಪು ಮಾಡಿ, ಒಂದನ್ನು ಮಾತ್ರ ಮೇಲೆ ತೋರಿಸುವುದು ಅದರ ಕ್ರಮ. ಮೇಲೆ ಬರುವುದು ದೊಡ್ಡ ಪತ್ರಿಕೆಯದು, ಯಾಕೆಂದರೆ ಅವರ ಸುದ್ದಿ ಮೊದಲು ಬರುತ್ತಿತ್ತು. ಯಜಮಾನರು ಪತ್ರಿಕೆ ಅಚ್ಚಾದ ಮೇಲೆ ಪುಟಗಳನ್ನು ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಕಳಿಸಬೇಕು, ಅಲ್ಲಿಂದ ಅವು ನಮಗೆ ಬರಬೇಕು. ಅಷ್ಟರಲ್ಲಿ ಅದೇ ಮಾತು ಇನ್ನೊಬ್ಬರ ಹೆಸರಿನಲ್ಲಿ ಬಂದು ಕೂತಿರುತ್ತಿತ್ತು. ಕೆಲವು ವಾರ ಹೀಗೆ ನಡೆದ ಮೇಲೆ ಕಂಪ್ಯೂಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸದಾ ಬೇರೆಯವರ ಸುದ್ದಿಯನ್ನು ನಕಲು ಮಾಡುವ ಪತ್ರಿಕೆ ಎಂದು ತೀರ್ಮಾನಿಸಿ, ಯಜಮಾನರಿಗೆ ತಾನೇ ಒಂದು ಎಚ್ಚರಿಕೆಯ ಮೇಲ್ ಕಳಿಸಿತು. ಅದೂ ಇಂಗ್ಲಿಷಿನಲ್ಲಿ. ಕಂಪ್ಯೂಟರ್ ಸೆಂಟರಿನವರು ಅದನ್ನು ಓದಿ, ಕನ್ನಡದಲ್ಲಿ ಹೇಳಿದರಂತೆ, ಸುತ್ತ ಇದ್ದವರೆಲ್ಲ ಕೇಳುವ ಹಾಗೆ.

ಯಜಮಾನರ ಫೋನು ಬಂದಾಗ ನಾನು ಆಫೀಸಿನ ಊಟದ ಹಾಲಿನಲ್ಲಿದ್ದೆ.

"ಏನಮ್ಮ, ಹೆಸರು ಬತ್ತದೆ ಅಂದಿದ್ದೆ. ಬಂತು. ಕಳ್ಳ ಅಂತ."

"ಸರ್, ಅದು ಮನುಷ್ಯರು ಬರೆದಿದ್ದಲ್ಲ..."

"ಇನ್ಯಾರು ಬರೆದಿದ್ದು? ನಿಮ್ಮ ಆಫೀಸಲ್ಲಿ ದೆವ್ವ ಐತಾ?"

ಎಂಜಿನಿಯರಿಂಗ್ ತಂಡದ ಹಿರಿಯನೊಬ್ಬನ ಹತ್ತಿರ ಹೋದೆ. ಕನ್ನಡ ಬಲ್ಲವನು, ಒಳ್ಳೆಯವನು. ಅವನ ಒಳ್ಳೆಯತನವೇ ನನ್ನನ್ನು ಇನ್ನೂ ರೇಗಿಸಿತು.

"ಮೇಡಂ, ಟೆಕ್ಸ್ಟ್ ನೂರಕ್ಕೆ ನೂರು ಮ್ಯಾಚ್ ಆಗ್ತಿದೆ. ಅಂದ್ರೆ ಇಬ್ರಲ್ಲಿ ಒಬ್ರು ಕಾಪಿ ಮಾಡಿರ್ಬೇಕು."

"ಇಬ್ಬರೂ ಮಾಡಿಲ್ಲ."

"ಹಾಗಾದ್ರೆ ಇಬ್ರೂ ಮೂರನೆಯವ್ರಿಂದ ಕಾಪಿ ಮಾಡಿದ್ದಾರೆ."

"ಮೂರನೆಯವರು ಅಂದ್ರೆ ಇವರ ವರದಿಗಾರರೇ. ಅವರೇ ಬರೆದು ಎಲ್ಲರಿಗೂ ಕೊಟ್ಟಿದ್ದು."

"ಅಂದ್ರೆ ಅವರದ್ದು ನ್ಯೂಸ್ ಏಜೆನ್ಸಿನಾ?"

"ಜೆರಾಕ್ಸ್ ಅಂಗಡಿ."

ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೇನೋ ಎಂದು ಯೋಚಿಸಿರಬೇಕು. ಕಾರ್ಬನ್ ಪದ್ಧತಿಯನ್ನೆಲ್ಲ ವಿವರಿಸಿದೆ. ಗಮನವಿಟ್ಟು ಕೇಳಿದ. ಕೇಳಿ, "ಇಂಟರೆಸ್ಟಿಂಗ್. ಆದ್ರೆ ಒಂದು ತಾಲ್ಲೂಕಿಗೋಸ್ಕರ ಸಿಸ್ಟಂ ಬದಲಾಯಿಸೋಕೆ ಆಗಲ್ಲ. ಅವರನ್ನೇ ಸ್ವಲ್ಪ ಬೇರೆ ಬೇರೆ ಬರೆಯೋಕೆ ಹೇಳಿ" ಎಂದ. ಒಂದೇ ತಾಲ್ಲೂಕಲ್ಲ, ಎಲ್ಲ ತಾಲ್ಲೂಕಿನಲ್ಲೂ ಹೀಗೇ ಎಂದೆ. ಅವನಿಗೆ ಅದು ಇನ್ನೂ ಗಾಬರಿಯ ಸಂಗತಿಯಾಗಿ ಕಂಡಿತು. ಮೇಲಧಿಕಾರಿಯೂ ಅದನ್ನೇ ಹೇಳಿದರು: ಪಾಲುದಾರರಿಗೆ ತರಬೇತಿ ಕೊಡಿ. ಆ ತ್ರೈಮಾಸಿಕದಲ್ಲಿ ಅರಸೀಕೆರೆಯ ಪತ್ರಿಕೆ ಪಟ್ಟಿಯಿಂದ ಬಿದ್ದುಹೋಗಬಾರದು ಎಂದೂ ಸೇರಿಸಿದರು.

ಬೇಲೂರಿಗೆ ಹೋದೆ. ಅದೇ ಹೋಟೆಲು, ಅದೇ ಮೂಲೆಯ ಮೇಜು, ಮೂವರೂ ಇದ್ದರು. ನನ್ನನ್ನು ನೋಡಿ ಗೊಬ್ಬರದ ಅಂಗಡಿಯವರು, "ಬನ್ನಿ ಬನ್ನಿ, ಟಿ.ವಿ. ಮೇಡಂ. ಕ್ಯಾಮೆರಾ ಎಲ್ಲಿ?" ಎಂದರು. ಎಲ್.ಐ.ಸಿ.ಯವರು, "ಅವರೀಗ ಟಿ.ವಿ. ಅಲ್ಲ ಕಣೋ, ಕಂಪ್ಯೂಟರು. ಕ್ಯಾಮೆರಾ ಒಳಗಡೇನೇ ಇರ್ತದೆ, ಸರಿಯಾಗಿ ಕೂತ್ಕೋ" ಎಂದರು.

ವಿಷಯ ಹೇಳಿದೆ. ಒಂದೇ ಸುದ್ದಿಯನ್ನು ಮೂವರೂ ತಮ್ಮ ತಮ್ಮ ಮಾತಿನಲ್ಲಿ ಬರೆಯಬೇಕು ಎಂದು.

ಜೆರಾಕ್ಸ್ ಅಂಗಡಿಯವರು, "ಊಟಕ್ಕೆ ಬಂದೋನು ಒಬ್ಬ. ಎಲೆ ಮೂರು ಹಾಕ್ಬೇಕಾ?" ಎಂದರು.

"ನಿಮ್ಮ ಯಜಮಾನರ ಪೇಪರಿನ ಹೆಸರು ಉಳೀಬೇಕಾದ್ರೆ ಹಾಕ್ಲೇಬೇಕು."

"ನಾನು ಬರೆದಿದ್ದು ನನ್ನ ಪೇಪರಲ್ಲೇ ಕಳ್ಳ ಮಾಲಾಯ್ತು. ಅದನ್ನ ತಗೊಂಡೋರು ದೊಡ್ಡ ಮನುಷ್ಯರಾದ್ರು. ಈಗ ನಾನೇ ತಿದ್ದಿ ಬರೀಬೇಕು. ಅಲ್ವಾ ಮೇಡಂ?"

ಅವರು ಹೇಳಿದ್ದು ಪೂರ್ತಿ ಸರಿ. ನಾನು ಹೇಳುತ್ತಿದ್ದದ್ದು ತಪ್ಪೆಂದು ನನಗೇ ಗೊತ್ತಿತ್ತು. ಆದರೂ ಕೂತು ಒಂದು ಹಾಳೆಯ ಮೇಲೆ ತೋರಿಸಿಕೊಟ್ಟೆ: ಮೊದಲ ವಾಕ್ಯ ಬದಲಾಯಿಸಿ, ಸುದ್ದಿಯನ್ನು ಬೇರೆ ಕಡೆಯಿಂದ ಶುರು ಮಾಡಿ, ತಲೆಬರಹದ ಪದಗಳು ಒಂದೇ ಇರದ ಹಾಗೆ ನೋಡಿಕೊಳ್ಳಿ. ಎಂ.ಎ.ಯಲ್ಲಿ ನಮಗೆ ಹೇಳಿಕೊಟ್ಟಿದ್ದು ಇದಕ್ಕೆ ಸರಿಯಾಗಿ ಉಲ್ಟಾ. ಸುದ್ದಿ ಯಾರು ಬರೆದರೂ ಅದೇ ಆಗಿರಬೇಕು ಎಂದಿದ್ದರು ಅಲ್ಲಿ.

ಒಂದಷ್ಟು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಯಜಮಾನರ ಪತ್ರಿಕೆಯ ಹೆಸರು ನಮ್ಮ ಪುಟದ ಮೇಲೆ ಕಾಣಿಸತೊಡಗಿತು. ಅವರೇ ಫೋನು ಮಾಡಿ, ಮುಂಬೈಯಿಂದ ಯಾರೋ ವ್ಯಾಪಾರಸ್ಥರು ನೋಡಿ ಹೇಳಿದರು ಎಂದರು. ದನಿಯಲ್ಲಿ ಹಿಗ್ಗು ಇತ್ತು. ಮುಚ್ಚಿಡಲು ನೋಡಿದರು, ಆಗಲಿಲ್ಲ. ಆ ಒಂದು ಫೋನಿಗಾಗಿ ನಾನು ಈ ಕೆಲಸಕ್ಕೆ ಸೇರಿದ್ದೇನೆ ಎನ್ನಿಸಿತು. ಅಥವಾ ಈಗ ಹಾಗೆ ಎನ್ನಿಸುತ್ತಿದೆಯೋ.

ಆಮೇಲೆ ಬಸ್ಸು ಮಗುಚಿತು.

ಅರಸೀಕೆರೆಯಿಂದ ಅರೇಹಳ್ಳಿಗೆ ಹೊರಟಿದ್ದ ಹೆಣ್ಣಿನ ಕಡೆಯ ದಿಬ್ಬಣದ ಬಸ್ಸು. ಹಳೇಬೀಡು ದಾಟಿ ಬೇಲೂರಿನ ಕಡೆ ಬರುವಾಗ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆ ಪಕ್ಕದ ಜೋಳದ ಹೊಲಕ್ಕೆ ಇಳಿದು ಮಗ್ಗುಲಾಯಿತು. ದೇವರು ದೊಡ್ಡವನು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಕೈ ಮುರಿದವರು, ತಲೆಗೆ ಪೆಟ್ಟಾದವರು ಬೇಲೂರು ಆಸ್ಪತ್ರೆಯಲ್ಲಿದ್ದರು. ಜೆರಾಕ್ಸ್ ಅಂಗಡಿಯವರು ಹೋಗಿ ನೋಡಿ ಬಂದು, ಉಳಿದಿಬ್ಬರಿಗೆ ಹೇಳಿದರು. ಹಿಂದಿನ ಪದ್ಧತಿಯಾಗಿದ್ದರೆ ಒಂದು ಕಾರ್ಬನ್. ಈಗ ನಾನು ತೋರಿಸಿಕೊಟ್ಟ ಹಾಗೆ ಮೂವರೂ ಬೇರೆ ಬೇರೆ ಕಡೆಯಿಂದ ಶುರು ಮಾಡಿದರು. ಅರಸೀಕೆರೆಯ ಪತ್ರಿಕೆಗೆ ಜೆರಾಕ್ಸ್ ಅಂಗಡಿಯವರು ಬರೆದದ್ದು: ಅರಸೀಕೆರೆಯಿಂದ ಹೊರಟ ದಿಬ್ಬಣದ ಬಸ್ ಅಪಘಾತ, ಹಲವರಿಗೆ ಗಾಯ. ಗೊಬ್ಬರದ ಅಂಗಡಿಯವರು: ಹಳೇಬೀಡು ಬಳಿ ಹೊಲಕ್ಕೆ ಉರುಳಿದ ಖಾಸಗಿ ವಾಹನ. ಎಲ್.ಐ.ಸಿ.ಯವರು: ಅರೇಹಳ್ಳಿ ಮದುವೆಗೆ ಬರುತ್ತಿದ್ದವರು ಆಸ್ಪತ್ರೆ ಪಾಲು. ಹೊರಟ ಊರು ಒಬ್ಬರಿಗೆ, ಮಗುಚಿದ ಜಾಗ ಒಬ್ಬರಿಗೆ, ತಲುಪಬೇಕಿದ್ದ ಊರು ಒಬ್ಬರಿಗೆ. ಒಂದರಲ್ಲೂ ಸುಳ್ಳಿಲ್ಲ.

ಮೂರರಲ್ಲೂ ಪದಗಳು ಬೇರೆ, ಊರು ಬೇರೆ. ಕಂಪ್ಯೂಟರು ಮೂರು ಅಪಘಾತ ಎಂದು ಲೆಕ್ಕ ಹಾಕಿತು. ಪುಟದಲ್ಲಿ ಒಂದರ ಕೆಳಗೊಂದು, ಒಂದೊಂದು ಪತ್ರಿಕೆಯ ಹೆಸರಿನಲ್ಲಿ ಮೂರು ಅಪಘಾತ. ಅದರ ಮೇಲೆ ತಾನೇ ಒಂದು ಸಾಲು ಕಟ್ಟಿ ಹಾಕಿತು: ಹಾಸನ ಜಿಲ್ಲೆಯಲ್ಲಿ ಸರಣಿ ಅಪಘಾತ.

ಮದುವೆಮನೆಯ ನೆಂಟರು ಬೆಂಗಳೂರಿನಲ್ಲಿ ಇದನ್ನು ನೋಡಿದರು. ದಿಬ್ಬಣದ ಬಸ್ಸಿನ ವಿಷಯ ಅವರಿಗೆ ಗೊತ್ತಿತ್ತು, ಗಂಡಿನ ಕಡೆಯ ನೆಂಟರ ಬಸ್ಸೂ ಆ ರಸ್ತೆಯಲ್ಲೇ ಹೊರಟಿತ್ತಂತೆ. ಹಳೇಬೀಡಿನದು ಅದೇ ಇರಬೇಕು ಅಂದುಕೊಂಡರು. ಮೂರನೆಯದು ಯಾವುದೋ. ಅರಸೀಕೆರೆಗೆ ಫೋನಿನ ಮೇಲೆ ಫೋನು. ಮೊಬೈಲು ಸಿಗದವರು ಪ್ರೆಸ್ಸಿಗೇ ಮಾಡಿದರು; ಲಗ್ನಪತ್ರಿಕೆ ಅಚ್ಚು ಹಾಕಿದ್ದು ಅಲ್ಲೇ, ಅದರ ಕೆಳಗೆ ಪ್ರೆಸ್ಸಿನ ನಂಬರಿತ್ತು. ಹೆಣ್ಣಿನ ಸೋದರಮಾವ ಪ್ರೆಸ್ಸಿನ ಬಾಗಿಲಿಗೆ ಬಂದು ನಿಂತು, "ಇನ್ನೊಂದು ಬಸ್ಸಲ್ಲಿದ್ದೋರು ಯಾರು, ಬಚ್ಚಿಡಬೇಡಿ, ಹೇಳಿಬಿಡಿ" ಎಂದು ಅತ್ತರಂತೆ. ಯಜಮಾನರು ಇನ್ನೊಂದು ಬಸ್ಸು ಮಗುಚಿಯೇ ಇಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ.

ಮರುದಿನ ನಾನು ಅರಸೀಕೆರೆಯಲ್ಲಿದ್ದೆ. ಯಜಮಾನರು ಕೂಗಾಡುತ್ತಾರೆ ಎಂದುಕೊಂಡು ಹೋಗಿದ್ದೆ. ಅವರು ಪ್ರೂಫ್ ನೋಡುತ್ತ ತಲೆಯೆತ್ತದೆ, "ನಮ್ಮೋನು ಒಂದೇ ಮಾತಲ್ಲಿ ಬರೀತಿದ್ದಾಗ ಕಳ್ಳ ಅಂದ್ರಿ. ಮೂರು ಮಾತಲ್ಲಿ ಬರೆದ್ರೆ ಮೂರು ಬಸ್ಸು ಮಾಡಿದ್ರಿ" ಎಂದರು. ನನ್ನ ನೆನಪಿನಲ್ಲಿ ಅವರ ದನಿ ಶಾಂತವಾಗಿದೆ. ದಿನಚರಿಯಲ್ಲಿ ಮಾತ್ರ "ಬಹಳ ಬೈದರು" ಎಂದಿದೆ. ಯಾವುದನ್ನು ನಂಬಲಿ? ಬೈಗುಳವನ್ನು ಮರೆತು ಆ ಒಂದು ಮಾತನ್ನು ಉಳಿಸಿಕೊಂಡೆನೋ ಏನೋ.

"ಒಂದು ಸ್ಪಷ್ಟನೆ ಹಾಕೋಣ ಸರ್" ಎಂದೆ.

"ನೀನೇ ಬರಿ. ನಾನು ತಿದ್ದುತೀನಿ."

ಹಳೆಯ ಮೇಜಿಗೆ ಕೂತು ಬರೆದೆ. ತಾಂತ್ರಿಕ ಕಾರಣಗಳಿಂದ ಗೊಂದಲ ಉಂಟಾಗಿದ್ದು ಎಂದು ಶುರು ಮಾಡಿದ್ದೆ. ಅವರು ಆ ಸಾಲನ್ನು ಹೊಡೆದು ಹಾಕಿದರು. "ತಾಂತ್ರಿಕ ಯಾರು? ನಿಮ್ಮ ಕಂಪನಿಯೋರಾ? ಹೆಸರು ಹಾಕು, ಇಲ್ಲ ಬಿಡು." ಹೆಸರು ಹಾಕುವ ಅಧಿಕಾರ ನನಗಿರಲಿಲ್ಲ. ಬಿಟ್ಟೆ. ಉಳಿದದ್ದು ಇಷ್ಟು: ಮಗುಚಿದ್ದು ಒಂದೇ ಬಸ್ಸು; ಅರಸೀಕೆರೆಯಿಂದ ಹೊರಟು ಅರೇಹಳ್ಳಿಗೆ ಹೋಗುತ್ತಿದ್ದದ್ದು; ಹಳೇಬೀಡು ಬೇಲೂರು ನಡುವೆ ಆದದ್ದು; ಬೇರೆ ಯಾವ ಅಪಘಾತವೂ ಆಗಿಲ್ಲ. ಪತ್ರಿಕೆಯ ಮೊದಲ ಪುಟದಲ್ಲಿ, ಬಾಕ್ಸಿನಲ್ಲಿ ಹಾಕಿದರು. ಅಚ್ಚಾದ ಮೇಲೆ ನಾವಿಬ್ಬರೂ ಕಂಪ್ಯೂಟರ್ ಸೆಂಟರಿಗೆ ಹೋಗಿ, ಅದನ್ನು ನಮ್ಮ ಪುಟಕ್ಕೆ ಕಳಿಸಿ ಕಾದು ಕೂತೆವು.

ಬಂತು. ಸ್ಪಷ್ಟನೆ ಎಂದು ಬರಲಿಲ್ಲ. ತಿದ್ದುಪಡಿ ಎಂದರೆ ಏನೆಂದು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಸ್ಸು, ಅಪಘಾತ, ಅರಸೀಕೆರೆ, ಅರೇಹಳ್ಳಿ, ಹಳೇಬೀಡು, ಬೇಲೂರು ಎಲ್ಲ ಪದಗಳೂ ಅದರಲ್ಲಿದ್ದವು, ಸಮಯ ಈಗಿನದು. ಇದು ಹೊಸ ಅಪಘಾತ, ಎಲ್ಲಕ್ಕಿಂತ ದೊಡ್ಡದು ಎಂದು ತಿಳಿದು ನಾಲ್ಕನೆಯದಾಗಿ ಎಲ್ಲದರ ಮೇಲೆ ಕೂರಿಸಿತು. ಕೆಳಗೆ ಯಜಮಾನರ ಪತ್ರಿಕೆಯ ಹೆಸರು.

ಸೆಂಟರಿನವರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಎಂಜಿನಿಯರಿಗೆ ಫೋನು ಹಚ್ಚಿದೆ, ಅವನು ಎತ್ತಲಿಲ್ಲ. ಇನ್ನೊಬ್ಬನಿಗೆ ಹಚ್ಚಿದೆ. ಅವನು, ಕೈಯಿಂದ ತೆಗೆಯುವ ಅನುಮತಿ ತನಗಿಲ್ಲ, ಮೇಲ್ ಕಳಿಸಿ ಎಂದ. ಅಲ್ಲೇ ಕೂತು ಮೇಲ್ ಬರೆಯುತ್ತಿದ್ದಾಗ ಯಜಮಾನರು ನನ್ನ ಭುಜದ ಮೇಲಿಂದ ಪರದೆಯನ್ನೇ ನೋಡುತ್ತಿದ್ದರು. ಬರೆಯುವುದನ್ನು ನಿಲ್ಲಿಸಲು ಹೇಳಿದರು.

"ನಮ್ಮ ಹೆಸರು ತೆಗೆದ್ಬಿಡಮ್ಮ."

"ಈ ಸುದ್ದೀದಾ ಸರ್?"

"ಎಲ್ಲದರದ್ದೂ. ನಮ್ಮ ಪೇಪರ್ ನಿಮ್ಮ ಪುಟದಲ್ಲಿ ಬೇಡ."

"ಸರ್, ಒಂದು ತಿಂಗಳು ಕೊಡಿ. ನಾನು ಎಲ್ಲ ಸರಿ ಮಾಡಿಸ್ತೀನಿ."

"ನೀನು ಮಾಡಿಸ್ತೀಯ ಅಂತ ಗೊತ್ತು. ಅವರು ಮಾಡಲ್ಲ. ನಾಳೆ ಆ ಸೋದರಮಾವ ಬಂದು ನಾಲ್ಕನೇ ಬಸ್ ಯಾವುದು ಅಂತ ಕೇಳ್ತಾನೆ. ಅವನ ಮುಂದೆ ನಿಲ್ಲೋನು ನಾನು. ನೀನಿರೋದು ಬೆಂಗಳೂರಲ್ಲಿ."

ಬೆಂಗಳೂರಿಗೆ ವಾಪಸಾಗಿ ಮೀಟಿಂಗಿನಲ್ಲಿ ಹೇಳಿದೆ. ಗಲಾಟೆ ಮಾಡಿದೆ ಎಂದೇ ಹೇಳಬಹುದು. ಸಣ್ಣ ಪತ್ರಿಕೆಗಳ ಸುದ್ದಿಗೆ ಬೇರೆ ನಿಯಮ ಬೇಕು, ತಿದ್ದುಪಡಿಗೆ ಜಾಗ ಬೇಕು, ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ ಫೋನಿಗೆ ಸಿಗಬೇಕು ಎಂದೆ. ಎಲ್ಲರೂ ತಲೆಯಾಡಿಸಿದರು. ಮೇಲಧಿಕಾರಿ, "ಗುಡ್ ಫೀಡ್‌ಬ್ಯಾಕ್" ಎಂದರು. ನಾಲ್ಕನೆಯ ಬಸ್ಸು ಮಾತ್ರ ನಮ್ಮ ಪುಟದಿಂದ ಆಮೇಲೂ ಎಷ್ಟೋ ಹೊತ್ತು ಹೋಗಲಿಲ್ಲ. ಸರಣಿ ಅಪಘಾತದ ಸಾಲನ್ನು ಜನ ಬಹಳ ಓದಿದ್ದರು, ಆದ್ದರಿಂದ ಅದು ಮೇಲೇ ಉಳಿದಿತ್ತು. ಅರಸೀಕೆರೆಯ ಪತ್ರಿಕೆಯನ್ನು ಪಟ್ಟಿಯಿಂದ ತೆಗೆದು ಅದರ ಮುಂದಿನ ಸುದ್ದಿ ಬಾರದ ಹಾಗೆ ಮಾಡುವ ಕೆಲಸ ಮಾತ್ರ ಒಂದೇ ಗುಂಡಿಯಲ್ಲಿ ಮುಗಿಯಿತು. ಅದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ, ಅದು ನನ್ನ ಅಧಿಕಾರದಲ್ಲೇ ಇತ್ತು.

ಕೆಲವು ವಾರಗಳ ನಂತರ ಯಜಮಾನರೇ ಫೋನು ಮಾಡಿದರು. ಬೇಲೂರಿನವರು ಮತ್ತೆ ಕಾರ್ಬನ್ನಿಗೆ ತಿರುಗಿದ್ದಾರೆ ಎಂದರು. ನನಗೆ ಗೊತ್ತಿತ್ತು. ಆ ದಿನ ಬೆಳಗ್ಗೆಯಷ್ಟೇ ನಮ್ಮ ಪುಟದಲ್ಲಿ ಬೇಲೂರಿನ ಒಂದು ಸುದ್ದಿ ದೊಡ್ಡ ಪತ್ರಿಕೆಯ ಹೆಸರಿನಲ್ಲಿ ಬಂದಿತ್ತು. ಯಗಚಿಯಿಂದ ನೀರು ಬರುವ ಪೈಪು ಒಡೆದು ಅರ್ಧ ಊರಿಗೆ ನೀರಿಲ್ಲ ಎಂದು. ಓದುತ್ತಿದ್ದಂತೆಯೇ ಜೆರಾಕ್ಸ್ ಅಂಗಡಿಯವರ ಕೈ ಎಂದು ತಿಳಿದಿತ್ತು. ಅವರು ವಾಕ್ಯವನ್ನು ಸಣ್ಣದು ಮಾಡುವ ರೀತಿ ನನಗೆ ಚೆನ್ನಾಗಿ ಗೊತ್ತು.

"ನಿಮ್ಮದರಲ್ಲಿ ಬಂದೈತಾ?" ಎಂದರು ಯಜಮಾನರು.

"ಬಂದಿದೆ ಸರ್. ಬೇರೆಯವರ ಹೆಸರಲ್ಲಿ."

"ಇರ್ಲಿ. ಓದು ನೋಡಾಣ."

ಪರದೆ ನೋಡಿಕೊಂಡು ಫೋನಿನಲ್ಲಿ ಓದಿದೆ. ಅವರು ಹ್ಞೂಂ, ಹ್ಞೂಂ ಎನ್ನುತ್ತ ಕೇಳಿದರು, ಹಿಂದೆ ನನ್ನ ಬರಹ ಕೇಳುತ್ತಿದ್ದ ಹಾಗೆ. ಓದಿ ಮುಗಿಸಿದೆ.

"ಮುಗೀತಾ?"

"ಹೌದು ಸರ್."

"ಟ್ಯಾಂಕರು?"

"ಯಾವ ಟ್ಯಾಂಕರು?"

"ನೀರಿನ ಟ್ಯಾಂಕರ್ ಎಲ್ಲೆಲ್ಲಿ ನಿಲ್ಲುತ್ತೆ, ಎಷ್ಟು ಗಂಟೆಗೆ ಅಂತ ನಮ್ಮೋನು ಕೊನೇಲಿ ಬರೆದಿದ್ದ. ದೊಡ್ಡೋರು ಜಾಗ ಸಾಲ್ದು ಅಂತ ಕತ್ತರಿಸಿದಾರೆ. ನಮ್ಮ ಪೇಪರಲ್ಲಿ ಐತೆ" ಎಂದು ಹೇಳಿ, ಪ್ರೆಸ್ಸಿನಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದು ಫೋನು ಇಟ್ಟುಬಿಟ್ಟರು.

ಯಜಮಾನರ ಪತ್ರಿಕೆ ಬೇಲೂರಿಗೆ ಬರುವುದು ಎಲ್ಲೋ ಕೆಲವು ಪ್ರತಿ, ಅದೂ ಮಧ್ಯಾಹ್ನದ ಬಸ್ಸಿಗೆ. ನಮ್ಮ ಪುಟವನ್ನು ಆ ಹೊತ್ತಿಗೆ ಬೇಲೂರಿನವರೂ ಓದುತ್ತಿದ್ದರು. ನಾನು ಆ ಸುದ್ದಿಯ ಕೆಳಗೆ ಬಹಳ ಹೊತ್ತು ಹುಡುಕಿದೆ, ಒಂದು ಸಾಲು ಸೇರಿಸಲು ಎಲ್ಲಾದರೂ ಜಾಗವಿದೆಯೇ ಎಂದು. ಸುದ್ದಿ ಪಾಲುದಾರಿಕೆಯ ಮುಖ್ಯಸ್ಥೆಗೆ ಸುದ್ದಿಯಲ್ಲಿ ಒಂದು ಸಾಲು ಸೇರಿಸುವ ಅಧಿಕಾರ ಇರಲಿಲ್ಲ. ಕೊನೆಗೆ ಜೆರಾಕ್ಸ್ ಅಂಗಡಿಗೆ ಫೋನು ಮಾಡಿ ಟ್ಯಾಂಕರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಅವರು, "ನಿಮಗ್ಯಾಕೆ ಮೇಡಂ, ಬೆಂಗಳೂರಲ್ಲಿ ನೀರಿಲ್ವಾ?" ಎಂದು ನಕ್ಕರು. ಆಮೇಲೆ ಹೇಳಿದರು. ಒಂದು ಚೀಟಿಯಲ್ಲಿ ಬರೆದುಕೊಂಡೆ. ಅದನ್ನು ಯಾರಿಗೆ ಕೊಡಬೇಕೆಂದು ಗೊತ್ತಾಗಲಿಲ್ಲ.